ನಾವು ಬಂದ ಬಾಗಿಲು ಯಾಕೆ ತೆರೆದಿತ್ತು ಅಂತ ಮಕ್ಕಳಿಗೆ ಹೇಳಿದ್ದೇವಾ?

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಈ ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಅಮೆರಿಕ ಪ್ರಪಂಚದ ಯಜಮಾನಿಕೆ ಬಿಟ್ಟು ಹಿಂದೆ ಸರಿಯುತ್ತಿದೆ, ಇಂಥ ಹೊತ್ತಲ್ಲಿ ಮಕ್ಕಳನ್ನು ಈ ದೇಶದಲ್ಲೇ ಬೆಳೆಸುವುದು ಸರಿನಾ ಅಂತ ಕೇಳಿದ್ದರು. ಬಂದ ಉತ್ತರಗಳೆಲ್ಲ ವೀಸಾ, ಮನೆ ಸಾಲ, ಕೆನಡಾ, ಜರ್ಮನಿ ಸುತ್ತಲೇ ಇದ್ದವು. ಅವೂ ಬೇಕು. ಆದರೆ ಆ ಯಜಮಾನಿಕೆಗೂ ನಾವು ಇವತ್ತು ಇಲ್ಲಿ ಇರುವುದಕ್ಕೂ ಏನು ಸಂಬಂಧ ಅಂತ ಯಾರೂ ಬರೆಯಲಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನನ್ನ ದೊಡ್ಡ ಮಗಳು ಯೂನಿವರ್ಸಿಟಿ ಸೇರಿ ಇನ್ನೂ ವರ್ಷ ಆಗಿಲ್ಲ. ಸೇರಿದ ಮೊದಲ ತಿಂಗಳಲ್ಲೇ ಫೋನ್ ಮಾಡಿ, "ಅಮ್ಮಾ, ಇಲ್ಲಿನ ಲೈಬ್ರರಿಯಲ್ಲಿ ಕಪಾಟು ತುಂಬ ಕನ್ನಡ ಪುಸ್ತಕ ಇದೆ, ಇದನ್ನೆಲ್ಲ ಯಾರು ತಂದಿಟ್ಟರು?" ಅಂದಳು. ಫೋಟೊ ಕಳಿಸಿದಳು. ಒಂದು ಪುಸ್ತಕದ ಒಳಗೆ ಪಿಎಲ್ 480 ಅಂತ ಗುರುತು ಇತ್ತು. ನಮ್ಮ ಅಪ್ಪ ಅಮ್ಮನ ಕಾಲದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಅದು ಅಮೆರಿಕದ ಗೋಧಿಯ ಹೆಸರು. 1954ರ ಕಾನೂನು. ಇಲ್ಲಿ ಮಿಕ್ಕಿದ ಗೋಧಿಯನ್ನು ಅಮೆರಿಕ ನಮ್ಮ ದೇಶಕ್ಕೆ ಮಾರುತ್ತಿತ್ತು, ಭಾರತ ಡಾಲರ್ ಬದಲು ರೂಪಾಯಿಯಲ್ಲೇ ಹಣ ಕೊಡಬಹುದಿತ್ತು. ಆ ರೂಪಾಯಿ ಭಾರತದಲ್ಲೇ ರಾಶಿ ಬಿತ್ತು. ಅದರಲ್ಲಿ ಸ್ವಲ್ಪ ತೆಗೆದು, 1962ರಿಂದ ಇಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಭಾರತದ ಭಾಷೆಗಳಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಂಡು ಅಮೆರಿಕದ ಯೂನಿವರ್ಸಿಟಿಗಳಿಗೆ ಕಳಿಸತೊಡಗಿತು. ನನ್ನ ಮಗಳ ಕೈಯಲ್ಲಿದ್ದ ಕನ್ನಡ ಪುಸ್ತಕ ಹಾಗೆ ಗೋಧಿಯ ದುಡ್ಡಲ್ಲಿ ಇಲ್ಲಿಗೆ ಬಂದದ್ದು.

ಕನ್ನಡದ ಮೇಲಿನ ಪ್ರೀತಿಗೆ ಯಾರೂ ಇದನ್ನು ಮಾಡಲಿಲ್ಲ. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಆಕಾಶಕ್ಕೆ ಹೋಯಿತು. ಇಲ್ಲಿ ಭಯ ಹುಟ್ಟಿತು. ಮರುವರ್ಷವೇ ದೇಶದ ರಕ್ಷಣೆಗೆ ಶಿಕ್ಷಣ ಅಂತ ಕಾನೂನು ಮಾಡಿ, ದೂರದ ದೇಶಗಳ ಭಾಷೆ ಕಲಿಸುವುದಕ್ಕೂ ಸರ್ಕಾರ ಹಣ ಕೊಟ್ಟಿತು. ಪ್ರಪಂಚಕ್ಕೆ ಯಜಮಾನ ಆಗಬೇಕಾದರೆ ಪ್ರಪಂಚದ ಜನ ಏನು ಓದುತ್ತಾರೆ, ಏನು ಮಾತಾಡುತ್ತಾರೆ ಅಂತ ತಿಳಿದಿರಬೇಕು ಅಲ್ವಾ? ಅದೇ ಲೆಕ್ಕ.

ಪುಸ್ತಕದ ಕಥೆಯೇ ನಮ್ಮ ಕಥೆಯೂ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅವರಿಗೆ ಪೌರತ್ವ ಇಲ್ಲ ಅಂತ ತೀರ್ಪು ಕೊಟ್ಟಿತು. ಆತ ಮೊದಲ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗಲೇ ಪೌರತ್ವ ಸಿಕ್ಕಿದ್ದವರಿಂದಲೂ ಅದನ್ನು ಕಿತ್ತುಕೊಂಡರು. ವೈಷ್ಣೋ ದಾಸ್ ಬಾಗಾಯ್ ಅನ್ನುವವರು 1915ರಲ್ಲಿ ಹೆಂಡತಿ ಮತ್ತು ಮೂರು ಗಂಡುಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿದ್ದರು. ಪೌರತ್ವ ಕಳೆದುಕೊಂಡು, ಅತ್ತ ಹೋಗಲಾಗದೆ ಇತ್ತ ಇರಲಾಗದೆ, 1928ರಲ್ಲಿ ಜೀವ ಕಳೆದುಕೊಂಡರು. ಮಕ್ಕಳನ್ನು ಬೆಳೆಸಿದ್ದು ಅವರ ಹೆಂಡತಿ ಕಲಾ ಬಾಗಾಯ್. ನಾನು ಇದನ್ನು ಮೊದಲು ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಬಾಗಿಲು ತೆರೆದದ್ದು ಯಾವಾಗ ನೋಡಿ. 1943ರಲ್ಲಿ ಚೀನೀಯರ ಮೇಲಿನ ನಿಷೇಧ ತೆಗೆದರು, ಯಾಕೆಂದರೆ ಜಪಾನ್ ವಿರುದ್ಧ ಚೀನಾ ಜೊತೆಗಿತ್ತು. 1946ರಲ್ಲಿ ಲೂಸ್–ಸೆಲ್ಲರ್ ಕಾನೂನು ಬಂತು. ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತು, ವರ್ಷಕ್ಕೆ ನೂರು ಜನ ಬರಬಹುದು ಅಂತಾಯಿತು. ಬರೀ ನೂರು! 1965ರಲ್ಲಿ ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು, ನಮ್ಮಂಥವರಿಗೆ ಬಾಗಿಲು ನಿಜವಾಗಿ ತೆರೆಯಿತು. ಅದರ ಹಿಂದೆ ಕಪ್ಪು ಜನರ ಹಕ್ಕಿನ ಹೋರಾಟ ಇತ್ತು, ಆ ಋಣ ನಾವು ಮರೆಯಬಾರದು. ಜೊತೆಗೆ ಇನ್ನೊಂದು ಕಾರಣವೂ ಇತ್ತು. ಏಷ್ಯಾ ಆಫ್ರಿಕಾದ ಹೊಸ ದೇಶಗಳನ್ನು ತನ್ನ ಕಡೆ ಎಳೆದುಕೊಳ್ಳಬೇಕಿದ್ದ ದೇಶ, ಅದೇ ಜನರನ್ನು ಬಣ್ಣ ನೋಡಿ ಬಾಗಿಲಲ್ಲೇ ತಡೆಯುವುದು ಹೇಗೆ?

ಹಳೆಯ ಅಮೆರಿಕ ಬಹಳ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಅದೇ ಜಾನ್ಸನ್, ಬರಗಾಲದಲ್ಲಿ ಭಾರತ ಕೈಯೊಡ್ಡಿದಾಗ ಗೋಧಿಯನ್ನು ತಿಂಗಳ ಲೆಕ್ಕದಲ್ಲಿ ಎಳೆದಾಡಿ ಕೊಟ್ಟರು. 1971ರ ಬಾಂಗ್ಲಾ ಯುದ್ಧದ ಹೊತ್ತಲ್ಲಿ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂದದ್ದು ಮರೆಯುವಂಥದ್ದಲ್ಲ. ವಿಯೆಟ್ನಾಂ, ಇರಾಕ್ ಬಗ್ಗೆ ಬೇರೆ ಹೇಳಬೇಕಾ? ನನ್ನ ಮಾತು ಇಷ್ಟೇ. ಯಜಮಾನಿಕೆ ಬೇಕು ಅನ್ನುವ ದೇಶಕ್ಕೆ ಹೊರಗಿನವರು ಬೇಕಾಗುತ್ತಾರೆ. ಬೇಡ ಅನ್ನಿಸಿದ ದಿನ ಆ ಅಗತ್ಯವೂ ಸಡಿಲವಾಗುತ್ತದೆ.

ಈಗ ಆಗುತ್ತಿರುವುದು ಅದೇ. 2025ರ ಜನವರಿ 20ರಂದು, ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದ ಮೊದಲ ದಿನವೇ, ವಿಶ್ವ ಆರೋಗ್ಯ ಸಂಸ್ಥೆಯಿಂದ ಮತ್ತು ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರಬರಲು ಆದೇಶವಾಯಿತು. 1961ರಲ್ಲಿ ಕೆನಡಿ ಶುರುಮಾಡಿದ, ಬೇರೆ ದೇಶಗಳಿಗೆ ನೆರವು ಕೊಡುವ ಸಂಸ್ಥೆ ಯುಎಸ್ಏಡ್ 2025ರ ಜುಲೈ 1ಕ್ಕೆ ಮುಚ್ಚಿತು. ಇದೆಲ್ಲ ಒಬ್ಬ ಅಧ್ಯಕ್ಷರ ಕೆಲಸ, ಮುಂದಿನ ಚುನಾವಣೆಗೆ ಸರಿಹೋಗುತ್ತದೆ ಅಂತ ಕೆಲವರು ಬರೆದಿದ್ದರು. ನಾನು ಒಪ್ಪುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ನ್ಯಾಯಾಧೀಶರ ನೇಮಕವನ್ನು ಅಮೆರಿಕ ತಡೆದು, 2019ರ ಡಿಸೆಂಬರ್‌ನಿಂದ ಅದು ಕೆಲಸ ನಿಲ್ಲಿಸಿದೆ. ನಡುವೆ ಬೇರೆ ಪಕ್ಷದ ಅಧ್ಯಕ್ಷರು ನಾಲ್ಕು ವರ್ಷ ಇದ್ದರು, ಅವರೂ ಅದನ್ನು ಸರಿಮಾಡಲಿಲ್ಲ. ದಣಿವು ದೇಶದ ಒಳಗೇ ಇದೆ.

ಇದು ನಮ್ಮ ಮನೆಯೊಳಗೆ ಹೇಗೆ ಬಂತು ಅಂತ ಹೇಳುತ್ತೇನೆ. 2025ರ ಸೆಪ್ಟೆಂಬರ್ 19, ಶುಕ್ರವಾರ ಸಂಜೆ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತಲ್ಲ, ಆಗ ನನ್ನ ತಮ್ಮ ಪಿತೃಪಕ್ಷಕ್ಕೆ ಅಂತ ಊರಿಗೆ ಹೋಗಿದ್ದ. ಭಾನುವಾರ ಮಹಾಲಯ ಅಮಾವಾಸ್ಯೆ. ಅಪ್ಪ ಹೋದ ಮೇಲೆ ಮೊದಲ ಸಲ. ಭಾನುವಾರದ ಒಳಗೆ ಅಮೆರಿಕಕ್ಕೆ ವಾಪಸ್ ಬಂದುಬಿಡಿ ಅಂತ ಕಂಪನಿಯಿಂದ ಮೇಲ್ ಬಂತು. ಅವನು ಶನಿವಾರ ಬೆಳಗ್ಗೆಯೇ ಏರ್‌ಪೋರ್ಟಿಗೆ ಓಡಿದ. ಅವನು ವಿಮಾನದಲ್ಲಿ ಇರುವಾಗಲೇ, ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಅಲ್ಲ ಅಂತ ಸರ್ಕಾರ ಸ್ಪಷ್ಟನೆ ಕೊಟ್ಟಿತು. ಊರಲ್ಲಿ ಅಮ್ಮ ಒಬ್ಬರೇ ಎಡೆ ಇಟ್ಟರು. ಅವತ್ತಿನಿಂದ ತಮ್ಮ ಈ ವಿಷಯ ಎತ್ತಿದರೆ ಎದ್ದು ಹೋಗುತ್ತಾನೆ.

ಮುಂದೆ ಏನಾಗಬಹುದು ಅಂತ ಯೋಚಿಸುವಾಗ ನನಗೆ ಬ್ರಿಟನ್ ನೆನಪಾಗುತ್ತದೆ. 1948ರ ಕಾನೂನಿನ ಪ್ರಕಾರ ಕಾಮನ್‌ವೆಲ್ತ್ ದೇಶಗಳ ಜನ ಅಲ್ಲಿಗೆ ಹೋಗಿ ನೆಲೆಸಬಹುದಿತ್ತು. 1956ರಲ್ಲಿ ಈಜಿಪ್ಟಿನ ಕಾಲುವೆ ಹಿಡಿಯಲು ಹೋಗಿ ಸೂಯೆಜ್‌ನಲ್ಲಿ ಪೆಟ್ಟು ತಿಂದರು. ಅಮೆರಿಕ ಒಪ್ಪಲಿಲ್ಲ, ಪೌಂಡ್ ಕುಸಿಯತೊಡಗಿತು, ಸೈನ್ಯ ವಾಪಸ್ ಬಂತು. 1962ರಲ್ಲಿ ವಲಸೆಗೆ ಮೊದಲ ಕಡಿವಾಣ. 1968ರ ಜನವರಿಯಲ್ಲಿ, ಸೂಯೆಜ್‌ನಿಂದ ಪೂರ್ವಕ್ಕೆ ಇರುವ ನಮ್ಮ ಸೈನ್ಯವನ್ನು ವಾಪಸ್ ಕರೆಸಿಕೊಳ್ಳುತ್ತೇವೆ ಅಂದರು. ಎರಡು ತಿಂಗಳು ತುಂಬುವುದರೊಳಗೆ, ಮಾರ್ಚ್ 1ಕ್ಕೆ, ಇನ್ನೊಂದು ಕಾನೂನು ಬಂತು. ಕೀನ್ಯಾದಲ್ಲಿದ್ದ ಭಾರತೀಯ ಮೂಲದವರು ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದಿದ್ದರೂ, ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರದಿದ್ದರೆ ಒಳಗೆ ಬರುವ ಹಕ್ಕಿಲ್ಲ ಅಂತಾಯಿತು. ದೇಶ ಹೊರಗಿನಿಂದ ಹಿಂದೆ ಸರಿದದ್ದೂ ಬಾಗಿಲು ಹಾಕಿಕೊಂಡದ್ದೂ ಜೊತೆಜೊತೆಗೇ ನಡೆದವು. ಆದರೂ ಆಗಲೇ ಅಲ್ಲಿ ನೆಲೆಸಿದ್ದವರ ಮಕ್ಕಳು ಆ ದೇಶ ಬಿಡಲಿಲ್ಲ, ಅದನ್ನೇ ಬದಲಾಯಿಸಿದರು. ಅದನ್ನೂ ಹೇಳಬೇಕು.

ಇನ್ನು ಎಲ್ಲಿಗೆ ಹೋಗುವುದು ಅನ್ನುವ ವಿಷಯ. ಜರ್ಮನಿ 2024ರ ಅಕ್ಟೋಬರ್‌ನಲ್ಲಿ, ಕೆಲಸ ಬಲ್ಲ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಅಂದಿತು. ಅದೇ ವರ್ಷ ಕೆನಡಾ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಒಂದು ಕಡೆ ತೆರೆಯುತ್ತದೆ, ಇನ್ನೊಂದು ಕಡೆ ಮುಚ್ಚುತ್ತದೆ. ಯುರೋಪ್ ಪೂರ್ತಿ ನೆಮ್ಮದಿಯ ಜಾಗ ಅಂತಲೂ ತಿಳಿಯಬೇಡಿ. 2025ರ ಜೂನ್‌ನಲ್ಲಿ ಹೇಗ್‌ನಲ್ಲಿ ಸೇರಿದ, ಅಮೆರಿಕ ಮತ್ತು ಯುರೋಪಿನ ಸೈನಿಕ ಒಕ್ಕೂಟವಾದ ನೇಟೊದ ದೇಶಗಳು, 2035ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಐದರಷ್ಟನ್ನು ರಕ್ಷಣೆಗೆ ಮತ್ತು ಅದಕ್ಕೆ ಸಂಬಂಧಿಸಿದ ಕೆಲಸಗಳಿಗೆ ಖರ್ಚು ಮಾಡುತ್ತೇವೆ ಅಂತ ಒಪ್ಪಿವೆ. ಆ ಹಣ ಎಲ್ಲಿಂದಲೋ ಬರಬೇಕು. ಅಲ್ಲಿ ನೆಲೆಸಿರುವ ನಮ್ಮವರು ಇದರ ಬಗ್ಗೆ ಬರೆದರೆ ಒಳ್ಳೆಯದು.

ಮಕ್ಕಳಿಗೆ ಈಗಲೇ ಚೀನೀ ಭಾಷೆ ಕಲಿಸಿ, ಮುಂದಿನ ಯಜಮಾನ ಚೀನಾ ಅಂತ ಒಬ್ಬರು ಹೇಳಿದ್ದರು. ಇಷ್ಟವಿದ್ದರೆ ಖಂಡಿತ ಕಲಿಸಿ. ಆದರೆ ಹೊಸ ಯಜಮಾನ ಒಬ್ಬ ಬಂದೇ ಬರುತ್ತಾನೆ ಅಂತ ಯಾಕೆ ಅಂದುಕೊಳ್ಳಬೇಕು? 2025ರ ಆಗಸ್ಟ್ 27ಕ್ಕೆ ಭಾರತದ ಹಲವು ಸರಕುಗಳ ಮೇಲೆ ಅಮೆರಿಕದ ಸುಂಕ ನೂರಕ್ಕೆ 50 ಆಯಿತು. ಅದೇ ವಾರ ಮೋದಿ ಏಳು ವರ್ಷಗಳ ನಂತರ ಚೀನಾಕ್ಕೆ, ಟಿಯಾಂಜಿನ್ ಸಭೆಗೆ ಹೋದರು. ಗಡಿಯ ಜಗಳ ಮುಗಿದಿರಲಿಲ್ಲ. ಅಮೆರಿಕದ ಜೊತೆ ಮಾತುಕತೆಯೂ ನಿಂತಿರಲಿಲ್ಲ. ಒಂದು ವಿಷಯಕ್ಕೆ ಜೊತೆ, ಇನ್ನೊಂದಕ್ಕೆ ಎದುರು. ನಮ್ಮ ಮಕ್ಕಳು ದೊಡ್ಡವರಾದ ಮೇಲೆ ಬದುಕುವುದು ಇಂಥ ಪ್ರಪಂಚದಲ್ಲಿ ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಕೆಲವು ವಿಷಯ ಬದಲಾಯಿಸಿದ್ದೇವೆ. ಇದೇ ಸುರಕ್ಷಿತ ಜಾಗ, ಚೆನ್ನಾಗಿ ಓದಿದರೆ ಸಾಕು ಅಂತ ಮಕ್ಕಳಿಗೆ ಸುಮ್ನೆ ಹೇಳುವುದನ್ನು ಬಿಟ್ಟೆವು. ಥಿಂಡ್, ಬಾಗಾಯ್ ಅವರ ಕಥೆ ಇಬ್ಬರಿಗೂ ಹೇಳಿದೆವು. ಇಲ್ಲೇ ಹುಟ್ಟಿದ ಚಿಕ್ಕವನಿಗೆ ಒಸಿಐ, ಅಂದರೆ ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್, ಮಾಡಿಸಿದೆವು. ಮಾಡಿಸದವರು ದಯವಿಟ್ಟು ಮುಂದೂಡಬೇಡಿ. ಭಾರತ ಎರಡು ಪೌರತ್ವ ಕೊಡುವುದಿಲ್ಲ, ಮಕ್ಕಳಿಗೆ ಸಿಗುವುದು ಅದೊಂದೇ. ಕನ್ನಡ ಮಾತಾಡುವುದರ ಜೊತೆ ಓದುವುದನ್ನೂ ಕಲಿಸುತ್ತಿದ್ದೇವೆ. ಈ ದೇಶವನ್ನು ಮಕ್ಕಳ ಮುಂದೆ ಬೈಯುವುದನ್ನೂ ನಿಲ್ಲಿಸಿದೆವು. ಅದು ಅವರ ದೇಶ, ಅವರ ಗೆಳೆಯರ ದೇಶ.

ದೊಡ್ಡವಳ ವಿಷಯ ಮಾತ್ರ ಬಗೆಹರಿದಿಲ್ಲ. ಅವಳು ಹುಟ್ಟಿದ್ದು ಊರಲ್ಲಿ, ಮೂರು ವರ್ಷದವಳಿದ್ದಾಗ ನಮ್ಮ ಜೊತೆ ಬಂದಳು. ಇಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ, ಕೆಲಸದ ಮೇಲೆ ಸಿಗುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಒಂದು ದೇಶಕ್ಕೆ ನೂರಕ್ಕೆ ಏಳು. ನಮ್ಮ ಸಾಲು ಎಷ್ಟು ಉದ್ದ ಅಂತ ನಿಮಗೆ ಗೊತ್ತೇ ಇದೆ. 21 ದಾಟಿದರೆ ಅವಳು ನಮ್ಮ ಅರ್ಜಿಯಿಂದ ಹೊರಗೆ. ಕಂಪನಿ ಹಾಕಿದ ಅರ್ಜಿ ಪರಿಶೀಲನೆಯಲ್ಲಿದ್ದಷ್ಟು ದಿನವನ್ನು ಅವಳ ವಯಸ್ಸಿನಿಂದ ಕಳೆಯುತ್ತಾರೆ, ನಮ್ಮದರಲ್ಲಿ ಅದು ಕೆಲವೇ ತಿಂಗಳು.

ನಿಮ್ಮಲ್ಲಿ ಯಾರ ಮಕ್ಕಳಾದರೂ ಸಾಲಿನಲ್ಲಿ ಇರುವಾಗಲೇ 21 ದಾಟಿದ್ದರೆ, ಏನು ಮಾಡಿದಿರಿ? ವಿದ್ಯಾರ್ಥಿ ವೀಸಾಕ್ಕೆ ಯಾವಾಗ ಬದಲಾಯಿಸಿದಿರಿ, ಫೀಸ್ ಜಾಸ್ತಿ ಆಯಿತಾ, ಬೇರೆ ದೇಶಕ್ಕೆ ಕಳಿಸಿದವರು ಇದ್ದೀರಾ? ಇಲ್ಲಿ ಬರೆಯಲು ಇಷ್ಟವಿಲ್ಲದಿದ್ದರೆ ನನಗೇ ಬರೆಯಿರಿ. ಅವಳಿಗೆ ಜನವರಿಯಲ್ಲಿ 19 ತುಂಬುತ್ತದೆ.