ಫ್ಲ್ಯಾಶ್ ಇಲ್ಲದೆ ರಾತ್ರಿ ಯಕ್ಷಗಾನದ ಫೋಟೋ: ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಜನವರಿಯಲ್ಲಿ ನಮ್ಮ ಮನೆಯ ಹರಕೆ ಆಟ (ಯಕ್ಷಗಾನ) ಇದೆ, ಪ್ರಸಂಗ ದೇವಿ ಮಹಾತ್ಮೆ. ಮನೆ ಮುಂದಿನ ಗದ್ದೆಯಲ್ಲೇ ರಂಗಸ್ಥಳ. ನನ್ನ ಹತ್ತಿರ ಹಳೇ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18–55 ಲೆನ್ಸ್ ಇದೆ. ಹೋದ ವರ್ಷ ಬೇರೆ ಕಡೆ ತೆಗೆದಾಗ ಫ್ಲ್ಯಾಶ್ ಹಾಕಿದರೆ ಮುಖ ಬೆಳ್ಳಗೆ, ಹಾಕದಿದ್ದರೆ ಎಲ್ಲ ಮಸುಕು. ಅಪ್ಪ ಎಷ್ಟೋ ವರ್ಷ ಕಾದ ಆಟ ಇದು. ನಾಲ್ಕಾದರೂ ಒಳ್ಳೆ ಫೋಟೋ ಸಿಗಬೇಕು. ಏನು ಮಾಡಲಿ?

ಪುತ್ತೂರಿನಿಂದ:
ಫ್ಲ್ಯಾಶ್ ಬೇಡವೇ ಬೇಡ. ಕುಣಿಯುವವರ ಕಣ್ಣಿಗೆ ಹೊಡೆದರೆ ಒಂದು ಗಳಿಗೆ ಅವರಿಗೆ ಮುಂದೇನೂ ಕಾಣುವುದಿಲ್ಲ. ಫೋಟೋಗೂ ಲಾಭ ಇಲ್ಲ. ಕಿರೀಟ, ಭುಜಕೀರ್ತಿ ಎಲ್ಲ ಬೆಳಕನ್ನು ವಾಪಸ್ ಎಸೆಯುತ್ತವೆ, ಅಷ್ಟು ಹೊತ್ತು ಕೂತು ಬರೆದ ಮುಖವರ್ಣಿಕೆ ಚಪ್ಪಟೆಯಾಗುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಫೋಕಸ್ ಮಾಡುವಾಗ ಮುಂದೆ ಒಂದು ಸಣ್ಣ ದೀಪ ಹೊತ್ತಿಕೊಳ್ಳುತ್ತದೆ. ಮೆನುವಿಗೆ ಹೋಗಿ ಅದನ್ನೂ ಆಫ್ ಮಾಡಿ.

ಯಾರಿಂದಾದರೂ 50 ಎಂಎಂ, ಎಫ್ 1.8 ಲೆನ್ಸ್ ಕೇಳಿ ತನ್ನಿ. ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸ್ ಅಗಲವಾಗಿ ತೆರೆಯುತ್ತದೆ. ನಿಮ್ಮ ಲೆನ್ಸ್ 55ಕ್ಕೆ ಝೂಮ್ ಮಾಡಿದಾಗ ಎಫ್ 5.6ರಷ್ಟೇ ತೆರೆಯುತ್ತದೆ. 1.8ರಲ್ಲಿ ಅದರ ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಬರುತ್ತದೆ. ನಾನು ಎಫ್ 2, ಐಎಸ್‌ಒ 3200ರಲ್ಲಿ ಶುರು ಮಾಡುತ್ತೇನೆ; ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಲೆಕ್ಕ. ಕೂತು ಅರ್ಥ ಹೇಳುವ ವೇಷಕ್ಕೆ ಶಟರ್ 1/100 ಸೆಕೆಂಡು ಸಾಕು, ಕುಣಿತಕ್ಕೆ 1/250 ಬೇಕು. ಬೆಳಕು ಸಾಲದಿದ್ದರೆ ಐಎಸ್‌ಒ 6400ಕ್ಕೆ ಏರಿಸಿ. ಕಾಳು ಕಾಳಾಗಿ ಬಂದರೆ ಬರಲಿ, ಆಮೇಲೆ ಕಡಿಮೆ ಮಾಡಬಹುದು. ಅಲುಗಿದ ಮುಖವನ್ನು ಯಾರೂ ಸರಿ ಮಾಡಲಾರರು.

ಹಿಂದೆಲ್ಲ ಕತ್ತಲು ಇರುವುದರಿಂದ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗುತ್ತದೆ. ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ; ತೆಗೆದ ಮೇಲೆ ಪರದೆಯಲ್ಲಿ ಮುಖವನ್ನು ದೊಡ್ಡದು ಮಾಡಿ ನೋಡಿ.

ಇದೆಲ್ಲಕ್ಕಿಂತ ಮುಖ್ಯ, ಚೆಂಡೆ ಕೇಳಿ. ದಿಗಿಣ (ಸುತ್ತುತ್ತಾ ಜಿಗಿಯುವ ಕುಣಿತ) ಹಾರುತ್ತಾ ಹಾರುತ್ತಾ ಮುಕ್ತಾಯ, ಅಂದರೆ ಕುಣಿತ ಮುಗಿಸುವ ಪೆಟ್ಟುಗಳು, ಬರುತ್ತದೆ ಅಲ್ವಾ, ಕಡೆಯ ಪೆಟ್ಟಿಗೆ ವೇಷ ಗಕ್ಕನೆ ನಿಲ್ಲುತ್ತದೆ. ಗೆಜ್ಜೆ ಸದ್ದಿಲ್ಲ, ಕಣ್ಣು ಅರಳಿದೆ, ಶಾಲಿನ ತುದಿ ಮಾತ್ರ ಇನ್ನೂ ತೂಗುತ್ತಿದೆ. ಆಗ ಒತ್ತಿ. ಅಲ್ಲಿ 1/60ಕ್ಕೂ ಮುಖ ಸ್ಪಷ್ಟವಾಗಿ ಬರುತ್ತದೆ. ಬೇರೆ ಲೆನ್ಸ್ ಸಿಗದಿದ್ದರೆ ಇಡೀ ರಾತ್ರಿ ಇಂಥ ಜಾಗಗಳನ್ನೇ ಕಾಯಿರಿ. ಕೇಳಿ ಕೇಳಿ ಪೆಟ್ಟು ಪರಿಚಯವಾದರೆ ಬೆರಳು ತಾನಾಗಿ ಹೋಗುತ್ತದೆ.

ಸಾಗರದಿಂದ:
ಫೋಟೋದಲ್ಲಿ ಅಡ್ಡ ಪಟ್ಟಿ ಬಿದ್ದರೆ ಕ್ಯಾಮೆರಾ ಕೆಟ್ಟಿತು ಅಂದುಕೊಳ್ಳಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/100 ಅಥವಾ 1/50ಕ್ಕೆ ಇಟ್ಟರೆ ಸಾಮಾನ್ಯವಾಗಿ ಪಟ್ಟಿ ಹೋಗುತ್ತದೆ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯಿರಿ, ದೀಪದ ಹಳದಿಯನ್ನು ಮನೆಯಲ್ಲಿ ಕೂತು ಸರಿ ಮಾಡಬಹುದು.

ಬೆಂಗಳೂರಿನಿಂದ:
ನಾನು ತೆಗೆಯುವುದು ಮೊಬೈಲಿನಲ್ಲಿ. ನೈಟ್ ಮೋಡ್ ಹಲವು ಫೋಟೋ ತೆಗೆದು ಒಂದು ಮಾಡುತ್ತದೆ, ಹಾಗಾಗಿ ಕುಣಿತಕ್ಕೆ ಆಗಿಬರುವುದಿಲ್ಲ. ದೂರದಿಂದ ರಂಗಸ್ಥಳ, ಸಭೆ, ಗದ್ದೆ ಎಲ್ಲ ಸೇರಿಸಿ ತೆಗೆಯಲು ಚೆನ್ನ. ಝೂಮ್ ಮಾಡುವ ಬದಲು ಮುಂದೆ ಹೋಗಿ ಕೂತುಕೊಳ್ಳಿ. ಮುಖದ ಮೇಲೆ ಮುಟ್ಟಿ, ಸೂರ್ಯನ ಗುರುತು ಬಂದಾಗ ಬೆರಳು ಕೆಳಗೆ ಎಳೆಯಿರಿ. ಮೊದಲು ಲೆನ್ಸ್ ಒರೆಸಿ, ಇಬ್ಬನಿ ಕೂತಿರುತ್ತದೆ. ವೇಷ ಕಟ್ಟುವ ಜಾಗ ಚೌಕಿಗೂ ಹೋಗಿ. ಆದರೆ ಕೇಳಿಯೇ ಒಳಗೆ ಹೋಗಿ, ಬಣ್ಣ ಹಚ್ಚುವಾಗ ಮಾತಾಡಿಸಬೇಡಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಆಟ ಮುಗಿಯಿತು. ಪಕ್ಕದ ಮನೆ ಅಣ್ಣ 50 ಎಂಎಂ ಕೊಟ್ಟರು. ಚೌಕಿಯಲ್ಲಿ ಒಂದೇ ಬಲ್ಬು. ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಕೈಕನ್ನಡಿ ಹಿಡಿದು ಮೂಗಿನ ಪಕ್ಕ ಚಿಟ್ಟಿ, ಅಂದರೆ ಬಿಳಿ ಚುಕ್ಕೆಗಳನ್ನು, ಇಡುತ್ತಿದ್ದರು. ಕೈ ನಿಂತಾಗ 1/60ರಲ್ಲಿ ತೆಗೆದೆ, ಒಂದೊಂದು ಚುಕ್ಕೆಯೂ ಬಂದಿದೆ. ಆಮೇಲೆ ಮಹಿಷಾಸುರ ಸಭೆಯ ನಡುವಿನಿಂದ ಬಂದಾಗ ದೊಂದಿಗೆ (ಪಂಜಿಗೆ) ರಾಳದ ಪುಡಿ ಎರಚಿದರು. ಬೆಂಕಿ ಭಗ್ಗೆಂದ ಹೊತ್ತಿಗೆ ಒತ್ತಿದೆ. ಬೆಂಕಿಯ ನಡು ಪೂರ್ತಿ ಬೆಳ್ಳಗಾಗಿದೆ, ಆದರೆ ಮುಖ ಸರಿಯಾಗಿ ಸಿಕ್ಕಿದೆ. ಪಕ್ಕದಲ್ಲಿ ಕೈ ಮುಗಿದು ನಿಂತ ಅಪ್ಪನೂ ಅದೇ ಬೆಳಕಿನಲ್ಲಿ ಬಿದ್ದಿದ್ದಾರೆ. ಅದನ್ನೇ ದೊಡ್ಡ ಪ್ರಿಂಟಿಗೆ ಕೊಟ್ಟಿದ್ದೇನೆ.