ನಿವೃತ್ತಿಗೆ ಎರಡು ವರ್ಷ, ಮನೆಯಲ್ಲಿ ನಾಲ್ಕು ಸಾಲ: ಯಾವುದನ್ನು ಮೊದಲು ತೀರಿಸಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಶಿಕ್ಷಕಿಯೊಬ್ಬರ ಪ್ರಶ್ನೆ

ನಾನು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು, ಇನ್ನೆರಡು ವರ್ಷಗಳಲ್ಲಿ 56 ತುಂಬಿ ನಿವೃತ್ತಳಾಗುತ್ತೇನೆ. ಯಜಮಾನರಿಗೆ ಸಣ್ಣ ಅಡಿಕೆ ತೋಟವಿದೆ. ಮನೆ ಸಾಲದಲ್ಲಿ 6 ಲಕ್ಷ ರೂಪಾಯಿ ಬಾಕಿ ಇದ್ದು, ಬಡ್ಡಿ ಶೇ. 9, ತಿಂಗಳ ಕಂತು 12,000 ರೂಪಾಯಿ. ಸಹಕಾರಿ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ಪಡೆದ 2 ಲಕ್ಷಕ್ಕೆ ಶೇ. 12 ಬಡ್ಡಿ. ಕೆ.ಎಸ್.ಎಫ್.ಇ. (ಕೇರಳ ಸರಕಾರದ ಚಿಟ್ಟಿ ಸಂಸ್ಥೆ) ಚಿಟ್ಟಿಯೊಂದನ್ನು ಎತ್ತಿ, ಅಂದರೆ ಅದರ ಹಣ ಪಡೆದು ಆಗಿದೆ; ಕಂತುಗಳು ಇನ್ನೂ ಮೂರು ವರ್ಷ ಇವೆ. ಮಗನ ಶಿಕ್ಷಣ ಸಾಲ ಬೇರೆ. ಇದಲ್ಲದೆ ಸಂಬಂಧಿಕರೊಬ್ಬರ ಸಾಲಕ್ಕೆ ನನ್ನ ಸಂಬಳ ಪತ್ರವನ್ನು ಜಾಮೀನಾಗಿ ಕೊಟ್ಟಿದ್ದೇನೆ. ನಿವೃತ್ತಿಯ ಹಣ ಬಂದಾಗ ಎಲ್ಲವನ್ನೂ ಒಟ್ಟಿಗೆ ತೀರಿಸುವುದೋ, ಅಥವಾ ಹಣವನ್ನು ಠೇವಣಿ ಇಟ್ಟು ಅದರ ಬಡ್ಡಿಯಿಂದ ಕಂತು ಕಟ್ಟುವುದೋ? ಪೆನ್ಶನ್ ಕಮ್ಯೂಟ್ ಮಾಡಲೇಬೇಡಿ, ಅಂದರೆ ಅದರ ಒಂದು ಭಾಗವನ್ನು ಬಿಟ್ಟುಕೊಟ್ಟು ಬದಲಿಗೆ ದೊಡ್ಡ ಮೊತ್ತವನ್ನು ಒಮ್ಮೆಗೇ ಪಡೆಯಬೇಡಿ ಎಂದು ಕೆಲವರು ಹೇಳುತ್ತಾರೆ. ಈ ದಾರಿಯಲ್ಲಿ ನಡೆದವರು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ನೀರ್ಚಾಲಿನ ನಿವೃತ್ತ ಬ್ಯಾಂಕ್ ನೌಕರರ ಉತ್ತರ

ಟೀಚರ್, ನಾನು ಬಹಳ ವರ್ಷ ಸಾಲ ವಿಭಾಗದಲ್ಲಿ ಕೆಲಸ ಮಾಡಿದವನು. ನಿವೃತ್ತಿಯ ಹಣವನ್ನು ಏನು ಮಾಡಬೇಕೆಂದು ನಿರ್ಧರಿಸುವ ಮೊದಲು, ನಿವೃತ್ತಿಯ ಮರುತಿಂಗಳು ನಿಮ್ಮ ಮನೆಖರ್ಚೂ ಕಂತುಗಳೂ ಸೇರಿ ಪೆನ್ಶನ್ನಿನೊಳಗೆ ನಿಲ್ಲುತ್ತವೆಯೇ ಎಂದು ಲೆಕ್ಕ ಹಾಕಿ. ಸಾಲ ಸಣ್ಣದಿದ್ದರೂ ಕಂತು ಪೆನ್ಶನ್ನಿಗೆ ಹೊಂದದೆ ಬಾಕಿದಾರರಾದ ಗೌರವಾನ್ವಿತ ಕುಟುಂಬಗಳನ್ನು ನಾನು ನೋಡಿದ್ದೇನೆ, ಮತ್ತು ಅದು ತಪ್ಪಿಸಬಹುದಾದ ಸಂಕಟವಾಗಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಪೆನ್ಶನ್ ಎಷ್ಟು ಬರಬಹುದೆಂದು ಈಗಲೇ ಅಂದಾಜು ಮಾಡಿ, ಈ ತಿಂಗಳಿನಿಂದಲೇ ಅಷ್ಟರಲ್ಲಿ ಮನೆ ನಡೆಸಿ, ಉಳಿದ ಸಂಬಳವನ್ನು ಸಾಲಕ್ಕೆ ಕಟ್ಟಿ. ಇದರಿಂದ ಸಾಲ ಇಳಿಯುವುದರ ಜೊತೆಗೆ, ಕಡಿಮೆ ಆದಾಯದಲ್ಲಿ ಬದುಕುವ ಅಭ್ಯಾಸ ಸಂಬಳದ ಆಸರೆ ಇರುವಾಗಲೇ ಮನೆಯವರೆಲ್ಲರಿಗೂ ಆಗುತ್ತದೆ. ಎಲ್ಲಿ ಬಿಗಿಯಾಗುತ್ತದೆ ಎಂದು ತಿಳಿದುಕೊಳ್ಳಲು ನಿಮಗೆ ಎರಡು ವರ್ಷ ಇದೆ. ನಿವೃತ್ತಿಯ ನಂತರ ಆ ಅವಕಾಶ ಇರುವುದಿಲ್ಲ.

ನಿಮ್ಮದೇ ಅಂಕಿಗಳನ್ನು ನೋಡೋಣ. 12,000ದ ಕಂತಿನಲ್ಲೇ ಮುಂದುವರಿದರೆ ಮನೆ ಸಾಲ ಮುಗಿಯಲು ಸುಮಾರು 63 ತಿಂಗಳು ಬೇಕು. ಅಷ್ಟರಲ್ಲಿ ನೀವು ಕಟ್ಟುವ ಬಡ್ಡಿ ಸುಮಾರು ಒಂದೂವರೆ ಲಕ್ಷ. ತಿಂಗಳಿಗೆ 18,000 ಹೆಚ್ಚು ಸೇರಿಸಿ 30,000 ಕಟ್ಟಲು ಸಾಧ್ಯವಾದರೆ ಸಾಲ 22 ತಿಂಗಳಲ್ಲಿ, ಅಂದರೆ ನಿವೃತ್ತಿಗೆ ಮೊದಲೇ ಮುಗಿಯುತ್ತದೆ, ಬಡ್ಡಿಯೂ 53,000 ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಆಗದಿದ್ದರೂ 20,000 ಕಟ್ಟಿದರೆ 63 ತಿಂಗಳು 34ಕ್ಕೆ ಬರುತ್ತದೆ. ಬಡ್ಡಿದರ ಬದಲಾಗುವ ಮನೆ ಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ, ಆದ್ದರಿಂದ ಆ ಹೆದರಿಕೆ ಬೇಡ. ಆದರೆ ಹೆಚ್ಚುವರಿ ಹಣ ಅಸಲಿಗೆ ಜಮೆಯಾಗಬೇಕು, ಮುಂದಿನ ಕಂತಿನ ಮುಂಗಡವಾಗಿ ನಿಲ್ಲಬಾರದು. ಅಸಲಿಗೇ ಜಮೆ ಮಾಡಬೇಕು, ಕಂತಿನ ಮೊತ್ತ ಹಾಗೆಯೇ ಇದ್ದು ಅವಧಿ ಕಡಿಮೆಯಾಗಬೇಕು ಎಂದು ಬರವಣಿಗೆಯಲ್ಲಿ ಕೊಡಿ, ಮತ್ತು ಸಾಲದ ಖಾತೆಯ ವಿವರವನ್ನು ಆಗಾಗ ತೆಗೆದು ನೋಡಿ.

ಬಡ್ಡಿಯ ದೃಷ್ಟಿಯಿಂದ ಮೊದಲು ಹೋಗಬೇಕಾದದ್ದು ಚಿನ್ನದ ಸಾಲ. ವರ್ಷ ವರ್ಷವೂ ಬಡ್ಡಿ ಕಟ್ಟಿ ನವೀಕರಿಸುತ್ತಾ ಹೋದರೆ ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ಚಿಟ್ಟಿಯ ವಿಷಯ ಬೇರೆ: ಎತ್ತಿದ ಚಿಟ್ಟಿಯ ಕಂತುಗಳನ್ನು ಅವಸರದಿಂದ ಮುಂದಾಗಿ ಕಟ್ಟುವುದರಿಂದ ದೊಡ್ಡ ಲಾಭವಿಲ್ಲ, ಆದರೆ ದಿನ ತಪ್ಪಿದರೆ ಆ ತಿಂಗಳ ಡಿವಿಡೆಂಡ್ (ಚಿಟ್ಟಿ ಹರಾಜಿನಲ್ಲಿ ಬಿಟ್ಟುಕೊಟ್ಟ ಹಣದಲ್ಲಿ ಸದಸ್ಯರಿಗೆ ಸಿಗುವ ಪಾಲು) ಕೈತಪ್ಪಿ, ಮೇಲೆ ಬಡ್ಡಿಯೂ ಬೀಳುತ್ತದೆ. ಆದ್ದರಿಂದ ಅದರ ಕಂತು ಪೆನ್ಶನ್ನಿನ ಲೆಕ್ಕದೊಳಗೆ ಬರುವಂತೆ ನೋಡಿಕೊಂಡು, ತಪ್ಪದೆ ಕಟ್ಟಿ ಮುಗಿಸಿ. ಹೊಸ ಚಿಟ್ಟಿಗೆ ಈಗ ಸೇರುವುದು ಬೇಡ.

ಇವೆಲ್ಲಕ್ಕಿಂತ ನನಗೆ ಆತಂಕ ತರುವುದು ನೀವು ಪ್ರಶ್ನೆಯ ಕೊನೆಗೆ ಒಂದೇ ವಾಕ್ಯದಲ್ಲಿ ಹೇಳಿದ ಜಾಮೀನು. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಮೊದಲು ಸಾಲಗಾರರನ್ನು ಹಿಡಿಯಿರಿ, ಆಮೇಲೆ ನನ್ನನ್ನು ಕೇಳಿ ಎಂದು ನೀವು ಹೇಳುವಂತಿಲ್ಲ. ನಮ್ಮೂರಿನಲ್ಲಿ ಸಂಬಳ ಪತ್ರ ಕೊಡುವುದನ್ನು ದಾಕ್ಷಿಣ್ಯದ ವಿಷಯವೆಂದು ಭಾವಿಸುವವರೇ ಹೆಚ್ಚು, ಆದರೆ ಕಾನೂನಿನ ಕಣ್ಣಿಗೆ ಅದು ನಿಮ್ಮ ಐದನೆಯ ಸಾಲ. ಈ ವಾರವೇ ಆ ಸಂಸ್ಥೆಗೆ ಹೋಗಿ ಬಾಕಿ ಎಷ್ಟಿದೆ, ಕಂತುಗಳು ಸರಿಯಾಗಿ ಬರುತ್ತಿವೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಸಂಬಂಧಿಕರೊಡನೆ ಶಾಂತವಾಗಿ ಮಾತಾಡಿ, ನಿಮ್ಮ ನಿವೃತ್ತಿಗೆ ಮೊದಲು ಬೇರೆ ಭದ್ರತೆ ಕೊಟ್ಟು ನಿಮ್ಮ ಹೆಸರನ್ನು ಬಿಡಿಸಿಕೊಡುವಂತೆ ಒಪ್ಪಿಸಿ. ಸಂಸ್ಥೆಯೂ ಇದಕ್ಕೆ ಒಪ್ಪಬೇಕಾಗುತ್ತದೆ, ಅದಕ್ಕೆ ಸಮಯ ಬೇಕು, ಆದ್ದರಿಂದ ಮುಂದೂಡಬೇಡಿ.

ಕುಂಬಳೆಯ ನಿವೃತ್ತ ಮುಖ್ಯೋಪಾಧ್ಯಾಯರ ಉತ್ತರ

ಕಮ್ಯುಟೇಶನ್ ಬಗ್ಗೆ ಮಾತ್ರ ಹೇಳುತ್ತೇನೆ. ಬೇಡವೆನ್ನುವವರಲ್ಲಿ ಅನೇಕರು ಕೇಂದ್ರ ಸರಕಾರದ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ಹೇಳುತ್ತಾರೆ. ಅಲ್ಲಿ ಕಡಿತಗೊಂಡ ಪೆನ್ಶನ್ ಮರಳಿ ಬರಲು 15 ವರ್ಷ ಬೇಕು, 60ಕ್ಕೆ ನಿವೃತ್ತರಾಗುವವರಿಗೆ ಗುಣಕ 8.194 (ಬಿಟ್ಟುಕೊಟ್ಟ ಪೆನ್ಶನ್ನಿನ ಒಂದು ವರ್ಷದ ಮೊತ್ತವನ್ನು ಇದರಿಂದ ಗುಣಿಸಿದರೆ ಕೈಗೆ ಬರುವ ಹಣ). ಕೇರಳದಲ್ಲಿ 56ಕ್ಕೆ ನಿವೃತ್ತರಾಗುವವರಿಗೆ ಗುಣಕ 11.10, ಮರಳಿ ಬರುವುದು 12 ವರ್ಷಕ್ಕೆ. ಇವೆರಡರ ನಡುವಿನ ಅಂತರ ಸಣ್ಣದಲ್ಲ.

ಕೊನೆಯ ಹತ್ತು ತಿಂಗಳ ಸರಾಸರಿ ವೇತನ 70,000 ರೂಪಾಯಿ, ಸೇವೆ 30 ವರ್ಷ ಎಂದಿಟ್ಟುಕೊಳ್ಳೋಣ. ಪೆನ್ಶನ್ 35,000. ಅದರ ಶೇ. 40, ಅಂದರೆ 14,000ವನ್ನು ಕಮ್ಯೂಟ್ ಮಾಡಿದರೆ ಕೈಗೆ ಬರುವ ಮೊತ್ತ 18,64,800 ರೂಪಾಯಿ. ಹನ್ನೆರಡು ವರ್ಷಗಳಲ್ಲಿ ನೀವು ಬಿಟ್ಟುಕೊಡುವುದು 20,16,000. ವ್ಯತ್ಯಾಸ ಒಂದೂವರೆ ಲಕ್ಷ ಮಾತ್ರ. ಮೇಲೆ ಹೇಳಿದಂತೆ ನಿಮ್ಮ ಆರು ಲಕ್ಷದ ಮನೆ ಸಾಲವೊಂದೇ ಐದು ವರ್ಷಗಳಲ್ಲಿ ಅಷ್ಟು ಬಡ್ಡಿಯನ್ನು ತಿನ್ನುತ್ತದೆ! ಈ ಮೊತ್ತಕ್ಕೆ ಸರಕಾರಿ ಪೆನ್ಶನ್‌ದಾರರಿಗೆ ಆದಾಯ ತೆರಿಗೆಯಿಲ್ಲ, ತುಟ್ಟಿ ಪರಿಹಾರವನ್ನು ಪೂರ್ತಿ ಪೆನ್ಶನ್ನಿನ ಮೇಲೆಯೇ ಲೆಕ್ಕ ಹಾಕುತ್ತಾರೆ, ಕುಟುಂಬ ಪೆನ್ಶನ್ನಿಗೂ ಇದರಿಂದ ಕಡಿತ ಬರುವುದಿಲ್ಲ. ಶೇ. 9 ಅಥವಾ 12ರ ಸಾಲ ಇರುವವರು ಕಮ್ಯೂಟ್ ಮಾಡದೆ ಇರುವುದಕ್ಕೆ ನನಗೆ ಕಾರಣವೇ ಕಾಣುವುದಿಲ್ಲ. ಆದರೆ ಮೊದಲ ಉತ್ತರದಲ್ಲಿ ಹೇಳಿದ ಪೆನ್ಶನ್ನಿನ ಅಂದಾಜನ್ನು ಕಡಿತದ ನಂತರದ ಮೊತ್ತದ ಮೇಲೆಯೇ ಮಾಡಿಕೊಳ್ಳಿ.

ಸಾಲ ತೀರಿ ಉಳಿದ ಹಣಕ್ಕೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ನನಗೆ ಬಹಳ ನೆಮ್ಮದಿ ಕೊಟ್ಟಿದೆ. 55 ದಾಟಿ ನಿವೃತ್ತರಾದವರು 60ರ ವರೆಗೆ ಕಾಯಬೇಕಿಲ್ಲ; ನಿವೃತ್ತಿಯ ಹಣ ಬಂದ ಮೂರು ತಿಂಗಳೊಳಗೆ ತೆರೆಯಬಹುದು. 2023ರ ಏಪ್ರಿಲ್‌ನಿಂದ ಮಿತಿ 30 ಲಕ್ಷ, ಬಡ್ಡಿ ಶೇ. 8.2. ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಬರುತ್ತದೆ. ಬಡ್ಡಿಗೆ ತೆರಿಗೆಯಿದೆ, ಐದು ವರ್ಷಕ್ಕೆ ಮೊದಲು ಮುರಿದರೆ ಕಡಿತವಿದೆ. ಶೇ. 8.2 ಪಡೆಯುತ್ತಾ ಶೇ. 12 ಕಟ್ಟುವುದರಲ್ಲಿ ಅರ್ಥವಿಲ್ಲ, ಆದ್ದರಿಂದ ಸಾಲ ಮೊದಲು, ಠೇವಣಿ ನಂತರ. ಹಣ ಬಂದ ವಾರವೇ ಪಾಲಿಸಿಯ ಕಾಗದ ಹಿಡಿದು ಮನೆಗೆ ಬರುವವರಿಗೆ ಚಹಾ ಕೊಟ್ಟು ಕಳುಹಿಸಿ, ಸಹಿ ಮಾಡಬೇಡಿ.

ಪೆರ್ಲದ ಕೃಷಿಕ ಮಹಿಳೆಯ ಉತ್ತರ

ಅಕ್ಕಾ, ತೋಟದ ಆದಾಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ಬರೆಯುತ್ತಿದ್ದೇನೆ. ಹಳೆ ಅಡಿಕೆಗೆ ಹೆಚ್ಚು ಕ್ರಯ ಸಿಗುತ್ತದೆಂದು ನಮ್ಮಲ್ಲಿ ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ಗೋಣಿಗಳಲ್ಲಿ ತುಂಬಿ ಇಡುವ ವಾಡಿಕೆ. ಸಾಲವಿಲ್ಲದ ಮನೆಗೆ ಅದು ಸರಿ. ಆದರೆ ಶೇ. 12ರ ಚಿನ್ನದ ಸಾಲ ಇರುವಾಗ, ಒಂದು ವರ್ಷ ಇಟ್ಟ ಅಡಿಕೆಯ ಕ್ರಯ ಶೇ. 12ಕ್ಕಿಂತ ಹೆಚ್ಚು ಏರಿದರೆ ಮಾತ್ರ ಲಾಭ. ಒಣಗಿ ತೂಕ ಇಳಿಯುವುದು, ಹುಳ ಹಿಡಿಯುವುದು ಅದರ ಮೇಲೆ. ನಮ್ಮ ಮನೆಯಲ್ಲಿ ಚಾಲಿ ಸುಲಿದು ಆದ ತಕ್ಷಣ ಅರ್ಧವನ್ನು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊಗೆ ಕೊಟ್ಟು ಚಿನ್ನ ಬಿಡಿಸಿಕೊಂಡೆವು, ಉಳಿದರ್ಧವನ್ನು ಕ್ರಯ ನೋಡಿ ಮಾರಿದೆವು. ಎರಡು ಬೆಳೆಯಲ್ಲಿ ಸಾಲ ತೀರಿತು. ನಿಮ್ಮ ಯಜಮಾನರೂ ಹೀಗೆ ಮಾಡಿದರೆ ಸಂಬಳದಿಂದ ಉಳಿಸಿದ ಹಣವೆಲ್ಲ ಮನೆ ಸಾಲಕ್ಕೆ ಹೋಗಬಹುದು.

ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮೊದಲು ಮದ್ದು ಬಿಡುವ ಖರ್ಚು ಬಂದೇ ಬರುತ್ತದೆ. ಬೋರ್ಡೋ ದ್ರಾವಣಕ್ಕೂ ಮರ ಹತ್ತುವವರ ಕೂಲಿಗೂ ಹಣವಿಲ್ಲದೆ ತಡವಾದರೆ ಕೊಳೆರೋಗ ಆ ವರ್ಷದ ಆದಾಯವನ್ನೇ ಕೊಂಡೊಯ್ಯುತ್ತದೆ. ಆ ಮೊತ್ತವನ್ನು ಅಡಿಕೆ ಮಾರಿದ ದಿನವೇ ಬೇರೆ ತೆಗೆದಿಡಿ, ಸಾಲ ತೀರಿಸುವ ಉತ್ಸಾಹದಲ್ಲಿ ಅದನ್ನು ಮುಟ್ಟಬೇಡಿ. ಆಸ್ಪತ್ರೆಯ ಖರ್ಚಿಗೂ ಹಾಗೆಯೇ. ಕೇರಳ ಸರಕಾರದ ಆರೋಗ್ಯ ವಿಮೆ ಮೆಡಿಸೆಪ್ 2022ರಿಂದ ಪೆನ್ಶನ್‌ದಾರರಿಗೂ ಇದೆಯಾದರೂ, ನಾವು ಹೋಗುವುದು ಹೆಚ್ಚಾಗಿ ಮಂಗಳೂರಿಗೆ. ನೀವು ನೆಚ್ಚಿಕೊಂಡಿರುವ ಆಸ್ಪತ್ರೆ ಆ ಪಟ್ಟಿಯಲ್ಲಿ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳಿ. ಆರು ತಿಂಗಳ ಮನೆಖರ್ಚಿನಷ್ಟು ಹಣ ಯಾವಾಗಲೂ ಕೈಗೆ ಸಿಗುವಂತಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಜಾಮೀನಿನ ವಿಷಯವನ್ನು ಯಜಮಾನರಿಗೆ ಓದಿ ಹೇಳಿದ್ದೇನೆ, ಸೋಮವಾರವೇ ಹೋಗುತ್ತೇವೆ. ಮಗನ ಶಿಕ್ಷಣ ಸಾಲ 4 ಲಕ್ಷ, ಬಡ್ಡಿ ಶೇ. 10. ಅವನದು ಕೊನೆಯ ವರ್ಷ. ಅದನ್ನೂ ನಿವೃತ್ತಿಯ ಹಣದಿಂದ ತೀರಿಸಿ ಅವನನ್ನು ಹಗುರಾಗಿಸಬೇಕೆಂಬ ಆಸೆಯಿದೆ.

ನೀರ್ಚಾಲಿನ ನಿವೃತ್ತ ಬ್ಯಾಂಕ್ ನೌಕರರು

ತಾಯಿಯ ಮನಸ್ಸು ಅರ್ಥವಾಗುತ್ತದೆ, ಆದರೂ ಅಸಲನ್ನು ಅವನಿಗೇ ಬಿಡಿ. ಅವನ ಮುಂದೆ ಮೂವತ್ತು ವರ್ಷಗಳ ದುಡಿಮೆ ಇದೆ, ನಿಮ್ಮ ಮುಂದೆ ಇರುವುದು ಪೆನ್ಶನ್. ಈ ಸಾಲದ ಬಡ್ಡಿಗೆ, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ, ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಅವನಿಗೆ ಸಿಗುತ್ತದೆ. ನೀವು ಸಹಾಯ ಮಾಡುವುದಿದ್ದರೆ ಓದು ಮುಗಿದು ಕಂತು ಆರಂಭವಾಗುವ ವರೆಗಿನ ಬಡ್ಡಿಯನ್ನು, ಅಂದರೆ ತಿಂಗಳಿಗೆ ಸುಮಾರು 3,300 ರೂಪಾಯಿಯನ್ನು ಕಟ್ಟಿ. ಕಟ್ಟದಿದ್ದರೆ ಅದು ಅಸಲಿಗೆ ಸೇರಿ ಅವನ ಕಂತು ದೊಡ್ಡದಾಗುತ್ತದೆ. ಸಹಸಾಲಗಾರರಾಗಿ ನಿಮ್ಮ ಸಹಿಯೂ ಅದರಲ್ಲಿ ಇರುವುದರಿಂದ, ಅವನ ಮೊದಲ ಸಂಬಳದ ಖಾತೆಯಿಂದಲೇ ಕಂತು ತಾನಾಗಿ ಕಡಿತವಾಗುವ ಏರ್ಪಾಡನ್ನು ಅವನು ಕೆಲಸಕ್ಕೆ ಸೇರಿದ ತಿಂಗಳೇ ಮಾಡಿಸಿ, ಸಾಲದ ಖಾತೆಯ ಸಂದೇಶಗಳು ನಿಮ್ಮ ಮೊಬೈಲಿಗೂ ಬರುವಂತೆ ಬ್ಯಾಂಕಿನಲ್ಲಿ ಹೇಳಿಡಿ.