ಧೂಳು, ಹೊಗೆ, ರೋಗನಿರೋಧಕ ಶಕ್ತಿ: ಡಾಕ್ಟರನ್ನು ಕೇಳಿ

ಅಡ್ಮಿನ್: ಕಲಬುರಗಿಯ ಶ್ವಾಸಕೋಶ ತಜ್ಞೆಯೊಬ್ಬರು ಇವತ್ತು ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಾರೆ. ಮೊದಲು ಮೇಲಿನ ಉತ್ತರಗಳನ್ನು ಓದಿ, ಆಮೇಲೆ ಕೇಳಿ.

ಸೇಡಂ ಟೀಚರ್: ನಮಸ್ಕಾರ ಮೇಡಂ. ನಮ್ಮ ಮನೆ ಸಿಮೆಂಟ್ ಫ್ಯಾಕ್ಟರಿಗೆ ಹತ್ತಿರ. ಬೆಳಿಗ್ಗೆ ಎದ್ದರೆ ತುಳಸಿ ಎಲೆ ಮೇಲೆ ಬೂದಿ ಬಣ್ಣದ ಧೂಳು ಕೂತಿರುತ್ತದೆ. ಆರು ವರ್ಷದ ಮಗನಿಗೆ ಪದೇ ಪದೇ ನೆಗಡಿ, ರಾತ್ರಿ ದಮ್ಮು. ಇಮ್ಯುನಿಟಿಗೆ ಯಾವ ಟಾನಿಕ್ ಒಳ್ಳೆಯದು?

ಡಾಕ್ಟರ್: ನಮಸ್ಕಾರ ಟೀಚರ್. ಟಾನಿಕ್ ಬೇಡ. ಸಿಮೆಂಟ್ ಧೂಳಿನಲ್ಲಿ ಸುಣ್ಣದ ಕ್ಷಾರ ಇರುತ್ತದೆ. ಅದು ಮೂಗು, ಗಂಟಲಿನ ಒಳಪದರವನ್ನು ಸುಡುತ್ತದೆ. ಪದರ ಕೆಟ್ಟರೆ ವೈರಸ್ ಸಲೀಸಾಗಿ ಒಳಗೆ ಹೋಗುತ್ತದೆ. ದಮ್ಮಿನ ಕಥೆ ಬೇರೆ. ಅಲ್ಲಿ ನಿರೋಧಕ ಶಕ್ತಿ ಕಡಿಮೆಯಾಗಿಲ್ಲ, ಬೇಡದ ವಸ್ತುವಿನ ಮೇಲೆ ಜಾಸ್ತಿ ಕೆರಳಿದೆ. ಒಣ ಕಸಬರಿಗೆ ಬಿಟ್ಟು ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮಗು ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬೇಡಿ. ಇನ್ಹೇಲರ್ ಬೇಕಾಗಬಹುದು. ಒಮ್ಮೆ ತೋರಿಸಿ, ತಡ ಮಾಡಬೇಡಿ.

ವಾಡಿ ಸದಸ್ಯ: ಬೆಲ್ಲ ತಿಂದರೆ ಧೂಳು ಇಳಿದು ಹೋಗುತ್ತದೆ ಅಂತಾರಲ್ಲ ಮೇಡಂ? ನಮ್ಮಲ್ಲಿ ಶಿಫ್ಟ್ ಮುಗಿದ ಮೇಲೆ ಎಲ್ಲರೂ ತಿನ್ನುತ್ತಾರೆ.

ಡಾಕ್ಟರ್: ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಇರುವುದು ಶ್ವಾಸಕೋಶದಲ್ಲಿ. ತಿನ್ನಿ, ಆದರೆ ಅದನ್ನು ನಂಬಿ ಮಾಸ್ಕ್ ಬಿಡಬೇಡಿ.

ಶಹಾಬಾದ್ ಸದಸ್ಯ: ಅಕ್ಕಾ, ನಮ್ಮ ಅಣ್ಣ ಗ್ರಾನೈಟ್ ಕಟ್ಟಿಂಗ್ ಕೆಲಸ ಮಾಡ್ತಾನೆ. ನೀರು ಹಾಕದೆ ಒಣ ಕಲ್ಲೇ ಕೊಯ್ಯೋದು. ಹಿಂದೆ ಟಿಬಿ ಆಗಿ ಆರು ತಿಂಗಳು ಮಾತ್ರೆ ತಿಂದ. ಈಗ ಮತ್ತೆ ಕೆಮ್ಮು, ತೂಕ ಇಳಿದಿದೆ. ಇನ್ನೊಂದು ವಿಚಿತ್ರ. ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗಿ ಆಮೇಲೆ ನೀಲಿ ಆಗ್ತವೆ. ಬೆರಳಿನ ಚರ್ಮ ಬಿಗಿದು ಮುಷ್ಟಿ ಕಟ್ಟೋಕೆ ಆಗ್ತಿಲ್ಲ. ಎರಡಕ್ಕೂ ಸಂಬಂಧ ಇದೆಯಾ?

ಡಾಕ್ಟರ್: ಇರಬಹುದು ತಮ್ಮಾ. ಬೆರಳಿನ ವಿಷಯ ಬರೆದದ್ದು ಬಹಳ ಒಳ್ಳೆಯದಾಯಿತು.

ಗ್ರಾನೈಟಿನಲ್ಲಿ ಸಿಲಿಕಾ ಅನ್ನುವ ಖನಿಜ ಜಾಸ್ತಿ. ಒಣಗಿದ ಕಲ್ಲು ಕೊಯ್ದಾಗ ಏಳುವ ಅತಿ ಸಣ್ಣ ಕಣಗಳು ಶ್ವಾಸಕೋಶದ ಕಡೆಯ ಗಾಳಿಚೀಲದವರೆಗೂ ಇಳಿಯುತ್ತವೆ. ಅಲ್ಲಿ ಮ್ಯಾಕ್ರೋಫೇಜ್ ಅನ್ನುವ ಕಾವಲು ಜೀವಕೋಶಗಳಿವೆ. ಬಂದದ್ದನ್ನು ನುಂಗಿ ಕರಗಿಸುವುದು ಅವುಗಳ ಕೆಲಸ. ಸಿಲಿಕಾ ಕರಗುವುದಿಲ್ಲ. ನುಂಗಿದ ಜೀವಕೋಶವೇ ಸಾಯುತ್ತದೆ, ಕಣ ಹೊರಗೆ ಬರುತ್ತದೆ, ಇನ್ನೊಂದು ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಕೆಲಸ ಬಿಟ್ಟ ಮೇಲೂ ಇದು ನಿಲ್ಲುವುದಿಲ್ಲ.

ಟಿಬಿ ಕ್ರಿಮಿಯನ್ನು ಹಿಡಿದಿಡುವುದೂ ಇದೇ ಜೀವಕೋಶ. ಹಾಗಾಗಿ ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ, ಒಮ್ಮೆ ವಾಸಿಯಾದರೂ ಮರುಕಳಿಸಬಹುದು. ಇದು ಒಂದು ಕಡೆ. ಸಾಯುವ ಜೀವಕೋಶಗಳು ಉರಿಯೂತದ ಸಂಕೇತಗಳನ್ನು ಬಿಡುತ್ತಲೇ ಇರುತ್ತವೆ. ಕೆಲವರಲ್ಲಿ ನಿರೋಧಕ ವ್ಯವಸ್ಥೆ ದಾರಿ ತಪ್ಪಿ ಸ್ವಂತ ಚರ್ಮ, ಕೀಲು, ರಕ್ತನಾಳದ ಮೇಲೆ ಬೀಳುತ್ತದೆ. ಅಣ್ಣನ ಬೆರಳಿನದು ಸ್ಕ್ಲೀರೋಡರ್ಮಾ, ಅಂದರೆ ಹೀಗೆ ಚರ್ಮ ಬಿಗಿದು ಗಟ್ಟಿಯಾಗುವ ರೋಗ, ಇರಬಹುದೇ ಅಂತ ನೋಡಲೇಬೇಕು. ಅಂದರೆ ಅದೇ ಧೂಳು ರೋಗಾಣುವಿನ ಎದುರು ಬಲ ಕಡಿಮೆ ಮಾಡಿ, ತನ್ನ ದೇಹದ ಮೇಲೆಯೇ ದಾಳಿ ಹೆಚ್ಚಿಸಬಲ್ಲದು.

ಮಾಡಬೇಕಾದದ್ದು: ಮೊದಲು ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಳೆಯ ಎಕ್ಸ್-ರೇ ಇದ್ದರೆ ತನ್ನಿ, ಹೊಸದರ ಪಕ್ಕ ಇಟ್ಟು ನೋಡಬೇಕು. ಕಲ್ಲಿನ ಕೆಲಸ ಅಂತ ಡಾಕ್ಟರಿಗೆ ನೀವೇ ಹೇಳಿ, ಎಷ್ಟೋ ಕಡೆ ಕೇಳುವುದೇ ಇಲ್ಲ. ಬೆರಳಿಗೆ ಎಎನ್‌ಎ ರಕ್ತಪರೀಕ್ಷೆ, ನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆ ತಿರುಗಿದೆಯೇ ಅನ್ನುವ ಸುಳಿವು ಅದರಲ್ಲಿ ಸಿಗುತ್ತದೆ. ಬೀಡಿ ಸೇದುತ್ತಿದ್ದರೆ ಇವತ್ತೇ ಬಿಡಲಿ.

ಆಳಂದ ಸದಸ್ಯ: ಫಾರ್ವರ್ಡ್ ಬಂದಿದೆ: “ಅಮೃತಬಳ್ಳಿ, ಅರಿಶಿನ, ಬೇವಿನ ಕಷಾಯ 21 ದಿನ. ಶ್ವಾಸಕೋಶದ ವಿಷ ಪೂರ್ತಿ ಹೊರಗೆ. ಎಲ್ಲರಿಗೂ ಕಳಿಸಿ.” ಶಹಾಬಾದ್ ಅಣ್ಣನವರಿಗೆ ಉಪಯೋಗ ಆಗಬಹುದು.

ಡಾಕ್ಟರ್: ದಯವಿಟ್ಟು ಅವರಿಗೆ ಕೊಡಬೇಡಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಟಿಬಿ ಮಾತ್ರೆಗಳೂ ಲಿವರ್‌ಗೆ ಭಾರವೇ. ಸಿಲಿಕಾವನ್ನು ತೊಳೆದು ಹೊರಹಾಕುವ ಕಷಾಯ ಯಾವುದೂ ಇಲ್ಲ.

ಆಳಂದ ಸದಸ್ಯ: ನಮ್ಮ ಅಜ್ಜಿ ದಿನಾ ಕುಡೀತಿದ್ದರು, ಏನೂ ಆಗಲಿಲ್ಲ.

ಡಾಕ್ಟರ್: ನಿಮ್ಮ ಅಜ್ಜಿ ಕಲ್ಲು ಕೊಯ್ಯುತ್ತಿದ್ದರಾ?

ಸುರಪುರ ಸದಸ್ಯ: ನಮ್ಮ ಕಡೆ ಕೆಲವು ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್ ಇದೆ ಅಂತಾರೆ. ಕುದಿಸಿ ಕುಡಿದರೆ ಸಾಕಾ?

ಡಾಕ್ಟರ್: ಸಾಲದು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಆರ್ಸೆನಿಕ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಪರೀಕ್ಷೆ ಮಾಡಿಸಿ, ಜಾಸ್ತಿ ಇದ್ದರೆ ಕುಡಿಯಲು, ಅಡುಗೆಗೆ ಬೇರೆ ಮೂಲದ ನೀರು ಬಳಸಿ.

ಬೀದರ್ ಸದಸ್ಯೆ: ರಾತ್ರಿ ಔಷಧ ಫ್ಯಾಕ್ಟರಿ ಕಡೆಯಿಂದ ಘಾಟು ವಾಸನೆ ಬರುತ್ತೆ ಮೇಡಂ. ನಾನು ಬಸುರಿ. ಮಗುವಿಗೆ ತೊಂದರೆ ಇದೆಯಾ?

ಚಿತ್ತಾಪುರ ರೈತ: ಎಲ್ಲಾ ಈ ಫ್ಯಾಕ್ಟರಿಗಳದ್ದೇ ಕಾಟ. ತೊಗರಿ ಹೂವಿನ ಮೇಲೂ ಧೂಳು.

ವಾಡಿ ಸದಸ್ಯ: ನೀವು ಹೊಲದಲ್ಲಿ ಕಸ ಸುಡ್ತೀರಲ್ಲ, ಅದು ಹೊಗೆ ಅಲ್ವಾ? ಫ್ಯಾಕ್ಟರಿ ಮುಚ್ಚಿದರೆ ನಮ್ಮ ಮನೆ ನೀವು ನಡೆಸ್ತೀರಾ?

ಚಿತ್ತಾಪುರ ರೈತ: ಮುಚ್ಚಿ ಅಂದವರು ಯಾರು? ಫಿಲ್ಟರ್ ಸರಿಯಾಗಿ ನಡೆಸಿ ಅಂದೆ. ನಾವು ಸುಡೋದು ವರ್ಷಕ್ಕೆ ಒಂದು ಸಲ.

ವಾಡಿ ಸದಸ್ಯ: ಊರಿಗೆ ಊರೇ ಒಂದೇ ವಾರ ಸುಟ್ಟರೆ ಒಂದು ಸಲ ಸಾಕು. ನಮ್ಮಮ್ಮನಿಗೆ ದಮ್ಮು ಏಳೋದೇ ಆಗ.

ಚಿತ್ತಾಪುರ ರೈತ: ಕಂಪನಿ ಪರ ಮಾತಾಡೋಕೆ ಎಷ್ಟು ಕೊಡ್ತಾರೆ?

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಇನ್ನೊಂದು ಮಾತು ಬಂದರೆ ತೆಗೆದುಹಾಕುತ್ತೇನೆ.

ಜೇವರ್ಗಿ ಸದಸ್ಯ: ಮೇಡಂ, ಧೂಳಿಗೆ ಬೆಲ್ಲ ಒಳ್ಳೆಯದಾ?

ಡಾಕ್ಟರ್: ಮೇಲೆ ಓದಿ.

ಯಾದಗಿರಿ ಸದಸ್ಯ: ಇಮ್ಯುನಿಟಿ ಬೂಸ್ಟರ್ ಒಂದು ಒಳ್ಳೇದು ಹೇಳಿ ಮೇಡಂ.

ಡಾಕ್ಟರ್: ಮೇಲೆ ಓದಿ ಅಂದೆನಲ್ಲ. ಶಹಾಬಾದ್ ತಮ್ಮಾ, ಅಣ್ಣ ಇವತ್ತು ಕೆಲಸಕ್ಕೆ ಹೋಗಿದ್ದಾರಾ?

ಶಹಾಬಾದ್ ಸದಸ್ಯ: ಹೋಗಿದಾನೆ ಅಕ್ಕಾ. ಕೂಲಿ ಹೋಗುತ್ತೆ ಅಂತ.

ಡಾಕ್ಟರ್: ಫೋನ್ ಮಾಡಿ ಕರೆಸಿ. ಕಫದಲ್ಲಿ ಟಿಬಿ ಇದ್ದರೆ ಜೊತೆಯವರಿಗೂ ಹರಡುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?

ಶಹಾಬಾದ್ ಸದಸ್ಯ: ಇಬ್ಬರಿದ್ದಾರೆ.

ಡಾಕ್ಟರ್: ಅವರನ್ನೂ ಕರೆದುಕೊಂಡು ಬನ್ನಿ.